ಪ್ರೊಮೋಟರ್‌ನ ಎರಡನೇ ಜೇಬು

(ಮೈಸೂರಿನಲ್ಲಿ ಸಣ್ಣ ಹೂಡಿಕೆದಾರರ ಬಳಗವೊಂದರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಓಟದಲ್ಲಿ ಬಿಟ್ಟುಹೋದ ಒಂದೆರಡು ಅಂಕಿಗಳನ್ನು ಆಮೇಲೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಡುವಾಗ ನನ್ನನ್ನು 'ಷೇರು ತಜ್ಞರು' ಅಂದರು. ಹಾಗೇನಿಲ್ಲ. ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲ ಕೊಟ್ಟವನು. ಕೊಟ್ಟ ಸಾಲದಲ್ಲಿ ಕೆಲವು ವಾಪಸ್ ಬರದೇ ಇದ್ದದ್ದನ್ನೂ ನೋಡಿದವನು. ಷೇರಿನ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಅಲ್ಲೇ ಕಲಿತದ್ದು. ಅದಕ್ಕೇ ಒಂದು ಅಕ್ಕಿ ಗಿರಣಿಯಿಂದ ಶುರು ಮಾಡುತ್ತೇನೆ.

ತುಂಗಭದ್ರಾ ಅಚ್ಚುಕಟ್ಟಿನ ಒಂದು ಊರು. ನಾನಾಗ ಹೊಸ ಆಫೀಸರ್. ಗಿರಣಿ ಮಾಲೀಕರು ಊರಿಗೆ ದೊಡ್ಡ ಮನುಷ್ಯರು. ಜಾತ್ರೆಯ ಅನ್ನಸಂತರ್ಪಣೆ ಪ್ರತಿ ವರ್ಷ ಅವರದೇ. ನಮ್ಮ ಸಾಲಕ್ಕೆ ಆಧಾರವಾದ ಮಾಲು ಗೋದಾಮಿನಲ್ಲಿ ಎಷ್ಟಿದೆ ಅನ್ನೋ ಸ್ಟಾಕ್ ಸ್ಟೇಟ್‌ಮೆಂಟ್ ತಿಂಗಳು ತಿಂಗಳು ತಪ್ಪದೆ ಬ್ಯಾಂಕಿಗೆ ಬರುತ್ತಿತ್ತು. ನಾನು ಇನ್‌ಸ್ಪೆಕ್ಷನ್‌ಗೆ ಹೋದಾಗ ಗೋದಾಮಿನಲ್ಲಿ ಸೂರು ಮುಟ್ಟುವಷ್ಟು ಭತ್ತದ ಚೀಲ. ಉದ್ದಕ್ಕೆ ಎಷ್ಟು, ಅಗಲಕ್ಕೆ ಎಷ್ಟು, ಎತ್ತರಕ್ಕೆ ಎಷ್ಟು ಅಂತ ಎಣಿಸುತ್ತಿದ್ದೆ. ಗುಣಿಸುತ್ತಿದ್ದೆ, ಸಹಿ ಹಾಕುತ್ತಿದ್ದೆ, ಅವರ ಮನೆಯಲ್ಲಿ ಕಾಫಿ ಕುಡಿದು ಬರುತ್ತಿದ್ದೆ.

ಒಂದು ದಿನ ಒಬ್ಬ ಹಮಾಲಿ ಹಿಂದಿನ ಸಾಲಿನಿಂದ ಒಂದು ಚೀಲವನ್ನು ಒಂದೇ ಕೈಯಲ್ಲಿ ಎಳೆದು ಪಕ್ಕಕ್ಕಿಟ್ಟ. ಭತ್ತದ ಚೀಲ ಅಂದರೆ 75 ಕೆಜಿ. ಒಂದೇ ಕೈಯಲ್ಲಿ! ಹತ್ತಿರ ಹೋಗಿ ಬೆರಳಿನಿಂದ ಒತ್ತಿ ನೋಡಿದೆ. ಒಳಗಿದ್ದದ್ದು ಹೊಟ್ಟು. ಕಣ್ಣಿಗೆ ಕಾಣುವ ಎರಡು ಸಾಲು ಮಾತ್ರ ಭತ್ತ, ಹಿಂದೆ ಪೂರ್ತಿ ಹೊಟ್ಟು. ಭತ್ತ ಮಾರಿದ ದುಡ್ಡು ಮಾಲೀಕರ ತಮ್ಮ ಮಾಡುತ್ತಿದ್ದ ಲೇಔಟ್‌ಗೆ ಹೋಗಿತ್ತು.

ಈಗ ನೋಡಿ, ಗಿರಣಿಯಲ್ಲಿ ಏನೂ ದೋಷ ಇರಲಿಲ್ಲ. ಯಂತ್ರ ಚೆನ್ನಾಗಿತ್ತು, ಗಿರಾಕಿ ಇದ್ದರು. ಮಾಲೀಕರು ದಡ್ಡರೂ ಅಲ್ಲ, ಸೋಮಾರಿಗಳೂ ಅಲ್ಲ. ಅವರಿಗೆ ಇನ್ನೊಂದು ಜೇಬಿತ್ತು, ಅಷ್ಟೇ. ಗಿರಣಿ ನಮ್ಮ ಸಾಲದಲ್ಲಿ ನಡೆಯುತ್ತಿತ್ತು. ಲೇಔಟ್ ಪೂರ್ತಿ ಅವರ ಮನೆಯದು. ದುಡ್ಡಿಗೆ ತಾನು ಯಾವ ಜೇಬಲ್ಲಿದ್ದೇನೆ ಅಂತ ಗೊತ್ತಾಗುತ್ತಾ?

ಮ್ಯಾನೇಜ್‌ಮೆಂಟ್ ಒಳ್ಳೆಯದಾ ಕೆಟ್ಟದ್ದಾ ಅಂತ ನೋಡುವಾಗ ನಮ್ಮ ಜನ ಸಾಮಾನ್ಯವಾಗಿ ಏನು ನೋಡುತ್ತಾರೆ? ಟಿವಿಯಲ್ಲಿ ಹೇಗೆ ಮಾತಾಡಿದರು, ಎಲ್ಲಿ ಓದಿದ್ದಾರೆ, ಬೋರ್ಡಿನಲ್ಲಿ ಯಾರ್‍ಯಾರಿದ್ದಾರೆ, ಯಾವ ಪ್ರಶಸ್ತಿ ಬಂದಿದೆ. ಇದೆಲ್ಲ ಮುಂದಿನ ಎರಡು ಸಾಲಿನ ಚೀಲ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ನೆನಪಿಸಿಕೊಳ್ಳಿ. ಬೋರ್ಡಿನಲ್ಲಿ ಹಾರ್ವರ್ಡ್ ಪ್ರೊಫೆಸರ್ ಇದ್ದರು, ಮಾಜಿ ಸಂಪುಟ ಕಾರ್ಯದರ್ಶಿ ಇದ್ದರು, ಪೆಂಟಿಯಂ ಚಿಪ್‌ಗೆ ಹೆಸರಾದವರಿದ್ದರು. 2008ರಲ್ಲಿ ಕಾರ್ಪೊರೇಟ್ ಆಡಳಿತಕ್ಕಾಗಿಯೇ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂತು. ಅದೇ ವರ್ಷ ಡಿಸೆಂಬರ್ 16ರಂದು, ಅಧ್ಯಕ್ಷರ ಮಕ್ಕಳು ನಡೆಸುತ್ತಿದ್ದ ಎರಡು ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರ್‌ಗೆ ಕೊಳ್ಳುತ್ತೇವೆ ಅಂತ ಸತ್ಯಂ ಹೇಳಿತು. ಸಾಫ್ಟ್‌ವೇರ್ ಕಂಪನಿಗೆ ಜಮೀನು, ರಸ್ತೆ ಕಾಮಗಾರಿ ಯಾಕೆ? ಸತ್ಯಂ ಅನ್ನೋ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಓದಿದರೆ ಮೇಟಾಸ್ ಆಗುತ್ತೆ. ಜೇಬನ್ನು ತಿರುಗಿಸಿ ಹೊಲಿದ ಹಾಗೆ! ಬೋರ್ಡು ಅದಕ್ಕೂ ಒಪ್ಪಿಗೆ ಕೊಟ್ಟಿತ್ತು. ಷೇರುದಾರರು ರೊಚ್ಚಿಗೆದ್ದರು. ಒಂದು ದಿನ ಕಳೆಯುವುದರೊಳಗೆ ವ್ಯವಹಾರ ರದ್ದಾಯಿತು.

ಮೂರು ವಾರ ಆದ ಮೇಲೆ, 2009ರ ಜನವರಿ 7ರಂದು, ಅಧ್ಯಕ್ಷ ರಾಮಲಿಂಗ ರಾಜು ಅವರ ತಪ್ಪೊಪ್ಪಿಗೆ ಪತ್ರ ಬಂತು. ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕ್ ಬಾಕಿ 5,361 ಕೋಟಿ ರೂಪಾಯಿ. ಅದರಲ್ಲಿ 5,040 ಕೋಟಿ ಇರಲೇ ಇಲ್ಲ. 2008ರ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ತೋರಿಸಿದ್ದ ಲಾಭದ ಮಾರ್ಜಿನ್ ಶೇ 24, ನಿಜವಾಗಿ ಇದ್ದದ್ದು ಶೇ 3. ಮೇಟಾಸ್ ಕೊಳ್ಳುವ ಯೋಜನೆ ಆ ಸುಳ್ಳು ಆಸ್ತಿಯ ಜಾಗದಲ್ಲಿ ನಿಜವಾದ ಆಸ್ತಿ ತುಂಬುವ ಕೊನೆಯ ಪ್ರಯತ್ನ ಅಂತ ಅವರೇ ಬರೆದರು. ಹೊಟ್ಟಿನ ಚೀಲ ತೆಗೆದು ಭತ್ತದ ಚೀಲ ಇಡಲು ಹೊರಟಿದ್ದರು. ಹಮಾಲಿ ಎಳೆದ ಚೀಲ ಯಾವುದು ಹಾಗಾದರೆ? ಡಿಸೆಂಬರ್ 16ರ ಪ್ರಕಟಣೆ. ಅಂದು ರಾತ್ರಿ ಲೆಕ್ಕದ ಸುಳ್ಳು ಯಾರಿಗೂ ಗೊತ್ತಿರಲಿಲ್ಲ. ಮನೆಯ ಜೇಬು ಮಾತ್ರ ಎಲ್ಲರಿಗೂ ಕಂಡಿತ್ತು.

ಸರಿ, ಜೇಬು ಹುಡುಕೋದು ಎಲ್ಲಿ? ಕಂಪನಿಯ ವಾರ್ಷಿಕ ವರದಿಯಲ್ಲಿ. ಮುಂಬೈ ಷೇರುಪೇಟೆ ಬಿಎಸ್‌ಇ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತೆ. ಮುನ್ನೂರು ಪುಟ ನೋಡಿ ಹೆದರಬೇಡಿ. ಮೊದಲ ನೂರು ಪುಟ ಸುಮ್ನೆ ಹಾರಿಸಿ, ಗಾಳಿಯಂತ್ರದ ಫೋಟೋ, ನಗುವ ಮಕ್ಕಳ ಫೋಟೋ ಎಲ್ಲ ಅಲ್ಲೇ ಇರುತ್ತೆ. 'ರಿಲೇಟೆಡ್ ಪಾರ್ಟಿ' ಅಂತ ಹುಡುಕಿ. ಹಿಂದೆ ಎಲ್ಲೋ ಎರಡು ಮೂರು ಪುಟದ ಒಂದು ಪಟ್ಟಿ ಸಿಗುತ್ತೆ. ಪ್ರೊಮೋಟರ್ (ಅಂದರೆ ಕಂಪನಿಯ ಹಿಡಿತ ಕೈಯಲ್ಲಿಟ್ಟುಕೊಂಡ ಮೂಲ ಮಾಲೀಕರು), ಅವರ ಹೆಂಡತಿ ಮಕ್ಕಳು, ಅವರ ಬೇರೆ ಕಂಪನಿಗಳು, ಇವರ ಜೊತೆ ಆ ವರ್ಷ ನಡೆದ ಎಲ್ಲ ವ್ಯವಹಾರವೂ ಅಲ್ಲಿರಬೇಕು. ಅದು ಕಾನೂನು.

ಆ ಪಟ್ಟಿಯನ್ನು ಕಿರಾಣಿ ಅಂಗಡಿ ಉದ್ರಿ ಪುಸ್ತಕ ಓದಿದ ಹಾಗೆ ಓದಿ. ಪ್ರೊಮೋಟರ್ ಕಟ್ಟಡಕ್ಕೆ ಕಂಪನಿ ಬಾಡಿಗೆ ಕೊಡುತ್ತಾ? ಕೊಡಲಿ, ಸಣ್ಣದಾದರೆ ಚಿಂತೆ ಇಲ್ಲ. ಬ್ರ್ಯಾಂಡ್ ಹೆಸರು ಕುಟುಂಬದ್ದು ಅಂತ ರಾಯಲ್ಟಿ ಹೋಗುತ್ತಾ? ಎಷ್ಟು, ಮತ್ತು ವರ್ಷ ವರ್ಷ ಜಾಸ್ತಿ ಆಗ್ತಾ ಇದೆಯಾ? ಕಚ್ಚಾ ಮಾಲು ಕೊಳ್ಳುವುದು ಭಾವಮೈದುನನ ಕಂಪನಿಯಿಂದಾನಾ? ಎಲ್ಲಕ್ಕಿಂತ ಮುಖ್ಯ ಸಾಲು 'ಸಾಲ ಮತ್ತು ಮುಂಗಡ'. ಲಿಸ್ಟೆಡ್ ಕಂಪನಿಯಿಂದ, ಅಂದರೆ ಷೇರುಪೇಟೆಯಲ್ಲಿರುವ ಕಂಪನಿಯಿಂದ, ಪ್ರೊಮೋಟರ್‌ನ ಖಾಸಗಿ ಕಂಪನಿಗೆ ಹೋದ ಸಾಲ. ಒಂದು ವರ್ಷದ ಅಂಕಿ ಏನೂ ಹೇಳಲ್ಲ. ಐದು ವರ್ಷದ ವರದಿ ಪಕ್ಕಪಕ್ಕ ಇಟ್ಟುಕೊಂಡು ಆ ಒಂದೇ ಸಾಲನ್ನು ಹಾಳೆ ಮೇಲೆ ಬರೆದುಕೊಳ್ಳಿ.

ಇದನ್ನು ಹೇಳುವ ನಾನು ಏನು ಮಾಡಿದ್ದೆ ಅಂತಲೂ ಹೇಳಿಬಿಡುತ್ತೇನೆ. ರಿಟೈರ್ ಆದ ಹೊಸತರಲ್ಲಿ ಒಂದು ಕಂಪನಿಯ ಷೇರು ಕೊಂಡೆ. ಹೆಸರು ಬೇಡ. ಆ ಸಾಲು ಮೂರು ವರ್ಷ ಏರುತ್ತಾ ಹೋಯಿತು. ನಾನು ನೋಡಿದ್ದೆ! ಪೆನ್ಸಿಲ್‌ನಲ್ಲಿ ಗೆರೆ ಕೂಡ ಎಳೆದಿದ್ದೆ. ಆದರೆ ಡಿವಿಡೆಂಡ್ ಸರಿಯಾಗಿ ಬರುತ್ತಿತ್ತಲ್ಲ, ಸುಮ್ಮನಾದೆ. ನಾಲ್ಕನೇ ವರ್ಷ ಆ ಸಾಲ ವಸೂಲಾಗಲ್ಲ ಅಂತ ರೈಟ್ ಆಫ್ ಮಾಡಿದರು. ಮೂವತ್ತು ವರ್ಷ ಬೇರೆಯವರ ಲೆಕ್ಕ ತಪಾಸಣೆ ಮಾಡಿದವನ ಕಥೆ ಇದು. ಮನೆಯಲ್ಲಿ ಇವತ್ತಿಗೂ ಆಡಿಕೊಳ್ಳುತ್ತಾರೆ.

ನಮ್ಮ ರಾಜ್ಯದ್ದೇ ಉದಾಹರಣೆ ಹೇಳಬೇಕಾದರೆ ಮನಸ್ಸು ಭಾರ ಆಗುತ್ತೆ. ಕಾಫಿ ಡೇ. ಚಿಕ್ಕಮಗಳೂರಿನ ಕಾಫಿಯನ್ನು ದೇಶದ ಊರೂರಿಗೆ ಒಯ್ದವರು ಸಿದ್ಧಾರ್ಥ. ಎಷ್ಟೋ ಮನೆಗಳ ಹುಡುಗ ಹುಡುಗಿಯರಿಗೆ ಕೆಲಸ ಕೊಟ್ಟವರು. 2019ರ ಜುಲೈ ಕೊನೆಯಲ್ಲಿ ನೇತ್ರಾವತಿಯ ದಡದಲ್ಲಿ ಆ ಬದುಕು ಮುಗಿಯಿತು. ಅವರ ಬಗ್ಗೆ ನಾನು ಒಂದು ಹಗುರ ಮಾತೂ ಆಡಲ್ಲ. ಆದರೆ ಷೇರುದಾರರಾಗಿ ನಾವು ಅಂಕಿ ನೋಡಲೇಬೇಕು. ಲಿಸ್ಟ್ ಆದ ಕಂಪನಿಯ ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಮೈಸೂರು ಅಮಲ್ಗಮೇಟೆಡ್ ಕಾಫಿ ಎಸ್ಟೇಟ್ಸ್ ಅನ್ನೋ ಕಂಪನಿಗೆ ಹೋಗಿತ್ತು ಅಂತ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2023ರ ಜನವರಿಯ ಆದೇಶದಲ್ಲಿ ಹೇಳಿತು. ಅದು ಪ್ರೊಮೋಟರ್ ಕುಟುಂಬದ ಕಂಪನಿ. ಒಳ್ಳೆಯ ಮನುಷ್ಯ, ಒಳ್ಳೆಯ ಉದ್ಯಮಿ, ಒಳ್ಳೆಯ ಕಾಫಿ ಎಲ್ಲವೂ ನಿಜ ಇರಬಹುದು. ಸಾಲ ತೀರಿಸುವ ಒತ್ತಡ ಬಂದಾಗ ಯಾವ ಜೇಬಿಗೆ ಕೈ ಹೋಗುತ್ತೆ ಅನ್ನೋದು ಬೇರೆ ಪ್ರಶ್ನೆ. ಅದಕ್ಕೇ ನಾನು 'ಅವರು ಒಳ್ಳೆಯವರಾ?' ಅಂತ ಕೇಳೋದು ಬಿಟ್ಟಿದ್ದೇನೆ. 'ಅವರಿಗೆ ಬೇರೆ ಎಲ್ಲಿ ಸಾಲ ಇದೆ?' ಅಂತ ಕೇಳುತ್ತೇನೆ.

ಅದರ ಸುಳಿವು ಒಂದು ಮಟ್ಟಿಗೆ ಅಡವು ಷೇರಿನಲ್ಲಿ ಸಿಗುತ್ತೆ. ಪ್ರತಿ ತ್ರೈಮಾಸಿಕ ಮುಗಿದು 21 ದಿನದೊಳಗೆ ಕಂಪನಿ ಯಾರ ಹತ್ತಿರ ಎಷ್ಟು ಷೇರಿದೆ ಅಂತ ಪ್ರಕಟಿಸಬೇಕು. ಅದರಲ್ಲೇ ಪ್ರೊಮೋಟರ್ ಎಷ್ಟು ಷೇರು ಅಡವಿಟ್ಟಿದ್ದಾರೆ ಅಂತಲೂ ಇರುತ್ತೆ. ಮನೆಯ ಚಿನ್ನ ಅಡ ಇಟ್ಟ ಹಾಗೇ. ಮಗಳ ಮದುವೆಗೆ ಒಂದು ಬಳೆ ಇಟ್ಟರೆ ಯಾರೂ ಏನೂ ಅನ್ನಲ್ಲ. ಮಾಂಗಲ್ಯದವರೆಗೆ ಹೋಯಿತು ಅಂದರೆ ಆ ಮನೆಯ ಕಥೆ ಬೇರೆ. ಷೇರಿನಲ್ಲಿ ಇನ್ನೊಂದು ಅಪಾಯ ಇದೆ. ಬೆಲೆ ಬಿದ್ದರೆ ಸಾಲ ಕೊಟ್ಟವರು ಅಡವು ಷೇರು ಮಾರುತ್ತಾರೆ, ಅದರಿಂದ ಬೆಲೆ ಇನ್ನೂ ಬೀಳುತ್ತೆ.

ಇನ್ನೊಂದು, ಜಾಮೀನು. ನಮ್ಮ ಹಿರಿಯರು ಜಾಮೀನು ಸಹಿ ಅಂದರೆ ಮಾರು ದೂರ ಓಡುತ್ತಿದ್ದರು. ಕಂಪನಿಗಳು ಓಡಲ್ಲ. ಕಿಂಗ್‌ಫಿಷರ್ ಏರ್‌ಲೈನ್ಸ್ 2005ರಲ್ಲಿ ಹಾರಲು ಶುರು ಮಾಡಿತು, 2012ರ ಅಕ್ಟೋಬರ್‌ನಲ್ಲಿ ನಿಂತಿತು. ಒಂದು ವರ್ಷವೂ ಲಾಭ ಕಾಣಲಿಲ್ಲ. ಆ ಷೇರು ಇದ್ದವರ ದುಡ್ಡು ಹೋಯಿತು, ಅದು ಎಲ್ಲರಿಗೂ ಗೊತ್ತು. ಆದರೆ ಬೆಂಗಳೂರಿನಲ್ಲಿ ಅದೇ ಮಾಲೀಕರ ಬಿಯರ್ ಸಮೂಹದ ಯುನೈಟೆಡ್ ಬ್ರೂವರೀಸ್ ಹೋಲ್ಡಿಂಗ್ಸ್ ಅಂತ ಇನ್ನೊಂದು ಲಿಸ್ಟೆಡ್ ಕಂಪನಿ ಇತ್ತು. ಅದು ಏರ್‌ಲೈನ್ಸ್ ಸಾಲಕ್ಕೆ ಜಾಮೀನು ನಿಂತಿತ್ತು. 2017ರ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆ ಕಂಪನಿಯನ್ನೇ ಮುಚ್ಚುವ ಆದೇಶ ಕೊಟ್ಟಿತು. ವಿಮಾನ ಬೇಡ, ಬಿಯರ್ ಸಾಕು ಅಂತ ಷೇರು ಇಟ್ಟುಕೊಂಡವರೂ ವಿಮಾನದ ಸಾಲ ತೀರಿಸಬೇಕಾಯಿತು! ವಾರ್ಷಿಕ ವರದಿಯಲ್ಲಿ 'ಕಂಟಿಂಜೆಂಟ್ ಲಯಬಿಲಿಟಿ' ಅನ್ನೋ ಟಿಪ್ಪಣಿ ಇರುತ್ತೆ. ಜಾಮೀನೆಲ್ಲ ಅಲ್ಲೇ ಮಲಗಿರುತ್ತೆ. ಕಂಪನಿಯ ಸ್ವಂತ ಬಂಡವಾಳ ನೂರು ರೂಪಾಯಿ, ಜಾಮೀನು ಎಪ್ಪತ್ತು ರೂಪಾಯಿ ಅಂತ ಕಂಡರೆ ನಾನು ವರದಿ ಮುಚ್ಚಿಡುತ್ತೇನೆ. ಆಮೇಲೆ ಪಿಇ, ಅಂದರೆ ಲಾಭಕ್ಕೆ ಹೋಲಿಸಿದ ಷೇರು ಬೆಲೆ, ಎಷ್ಟೇ ಅಗ್ಗ ಇರಲಿ.

ಈಗ ನನಗೆ ತುಂಬಾ ಇಷ್ಟವಾದ ಉದಾಹರಣೆ. ಇಷ್ಟ ಅಂದರೆ ತಪ್ಪಾಗುತ್ತೇನೋ, ಪಾಠಕ್ಕೆ ಹೇಳಿ ಮಾಡಿಸಿದ್ದು. ಜೆನ್ಸಾಲ್ ಎಂಜಿನಿಯರಿಂಗ್. ಬೆಂಗಳೂರಿನಲ್ಲಿ ಓಡುತ್ತಿದ್ದ ಬ್ಲೂಸ್ಮಾರ್ಟ್ ಟ್ಯಾಕ್ಸಿ ನೆನಪಿದೆಯಲ್ಲ, ಅದಕ್ಕೆ ಎಲೆಕ್ಟ್ರಿಕ್ ಕಾರು ಕೊಂಡು ಬಾಡಿಗೆಗೆ ಕೊಡುತ್ತಿದ್ದ ಕಂಪನಿ. ಎರಡರ ಹಿಂದೆಯೂ ಅದೇ ಪ್ರೊಮೋಟರ್‌ಗಳು. 2025ರ ಏಪ್ರಿಲ್ 15ರ ಸೆಬಿ ಮಧ್ಯಂತರ ಆದೇಶ ಹುಡುಕಿ ಓದಿ. ಪತ್ತೇದಾರಿ ಕಾದಂಬರಿಗಿಂತ ಚೆನ್ನಾಗಿದೆ. 6,400 ಕಾರು ಕೊಳ್ಳಲು ಅಂತ ಸರ್ಕಾರಿ ಸಂಸ್ಥೆಗಳಿಂದ ಪಡೆದ ಸಾಲ 663.89 ಕೋಟಿ. ಕೊಂಡದ್ದು 4,704 ಕಾರು. ಕಂಪನಿ ತನ್ನ ಪಾಲಿನಿಂದ ಹಾಕಬೇಕಿದ್ದ ದುಡ್ಡನ್ನೂ ಸೇರಿಸಿದರೆ 262.13 ಕೋಟಿಗೆ ಲೆಕ್ಕ ಸಿಗಲಿಲ್ಲ. ಒಂದಷ್ಟು ದುಡ್ಡು ಕೈಯಿಂದ ಕೈಗೆ ದಾಟಿ ಗುರುಗ್ರಾಮದ ಐಷಾರಾಮಿ ಫ್ಲ್ಯಾಟ್ ಆಯಿತು ಅನ್ನುತ್ತೆ ಆದೇಶ. 26 ಲಕ್ಷದ ಗಾಲ್ಫ್ ಸೆಟ್ ಕೂಡ ಪಟ್ಟಿಯಲ್ಲಿದೆ.

ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಆ ವರ್ಷ ಜನವರಿಯಲ್ಲಿ ಕಂಪನಿ, ತನ್ನ ಹೊಸ ಎಲೆಕ್ಟ್ರಿಕ್ ವಾಹನಕ್ಕೆ 30,000 ಮುಂಗಡ ಆರ್ಡರ್ ಬಂದಿದೆ ಅಂತ ಪ್ರಕಟಿಸಿತ್ತು. ಕೊನೆಗೆ ನೋಡಿದರೆ ಅವು ಒಂಬತ್ತು ಸಂಸ್ಥೆಗಳ ಜೊತೆ ಮಾಡಿಕೊಂಡ ಒಡಂಬಡಿಕೆ. ಬೆಲೆ ಇಲ್ಲ, ಯಾವಾಗ ಕೊಡುತ್ತೇವೆ ಅನ್ನೋ ದಿನಾಂಕ ಇಲ್ಲ. ಏಪ್ರಿಲ್‌ನಲ್ಲಿ ಷೇರುಪೇಟೆ ಎನ್‌ಎಸ್‌ಇಯ ಅಧಿಕಾರಿ ಪುಣೆ ಹತ್ತಿರದ ಚಾಕಣ್ ಕಾರ್ಖಾನೆಗೇ ಹೋದರು. ಎರಡು ಮೂರು ಜನ ಕೂಲಿಯವರು ಬಿಟ್ಟರೆ ಯಾರೂ ಇಲ್ಲ. ಆಗ ಅವರು ಏನು ಕೇಳಿದರು ಗೊತ್ತಾ? ಕರೆಂಟ್ ಬಿಲ್! ವರ್ಷದಲ್ಲೇ ಅತಿ ಜಾಸ್ತಿ ಬಂದ ತಿಂಗಳ ಬಿಲ್ ಸುಮಾರು ಒಂದೂವರೆ ಲಕ್ಷ. ಕಾರು ತಯಾರಿಸುವ ಜಾಗಕ್ಕೆ! ಆ ಸಾಲು ಓದಿದಾಗ ನನಗೆ ಹಮಾಲಿ ಒಂದೇ ಕೈಯಲ್ಲಿ ಚೀಲ ಎಳೆದದ್ದು ಕಣ್ಣ ಮುಂದೆ ಬಂತು.

ನಾವು ಮನೆಯಲ್ಲಿ ಕೂತು ಕಾರ್ಖಾನೆಯ ಕರೆಂಟ್ ಬಿಲ್ ನೋಡೋಕಾಗಲ್ಲ, ನಿಜ. ಆದರೆ ಮಾರ್ಚ್ ಮೊದಲ ವಾರದಲ್ಲೇ ಸಾಲ ತೀರಿಸುವ ಯೋಗ್ಯತೆ ಅಳೆಯುವ ಕೇರ್ ಮತ್ತು ಇಕ್ರಾ ಎರಡೂ ಆ ಕಂಪನಿಯ ರೇಟಿಂಗನ್ನು 'ಡಿ'ಗೆ, ಅಂದರೆ ಕಂತು ತಪ್ಪಿಸಿದವರ ದರ್ಜೆಗೆ, ಇಳಿಸಿದ್ದವು. ಕಂತು ಕಟ್ಟಿದ್ದರ ಬಗ್ಗೆ ಕೊಟ್ಟ ದಾಖಲೆ ನಕಲಿ ಇದ್ದ ಹಾಗಿದೆ ಅಂತ ಇಕ್ರಾ ಬರೆಯಿತು. ರೇಟಿಂಗ್ ಸಂಸ್ಥೆಗಳ ಟಿಪ್ಪಣಿ ಷೇರು ಕೊಳ್ಳುವವರಲ್ಲಿ ಹೆಚ್ಚಿನವರು ತೆರೆಯುವುದೇ ಇಲ್ಲ. ಅದೂ ಪುಕ್ಕಟೆ. ಬ್ಯಾಂಕಿನವನ ಕಣ್ಣಿನಿಂದ ಬರೆದದ್ದು, ಷೇರು ದಲ್ಲಾಳಿಯ ಕಣ್ಣಿನಿಂದಲ್ಲ. 'ಇಶ್ಯೂಯರ್ ನಾಟ್ ಕೋಆಪರೇಟಿಂಗ್' ಅಂತ ಕಂಪನಿಯ ಹೆಸರಿನ ಮುಂದೆ ಕಂಡರೆ, ಕೇಳಿದ ಕಾಗದ ಕೊಟ್ಟಿಲ್ಲ ಅಂತ ಅರ್ಥ. ಗಿರಣಿ ಮಾಲೀಕರು 'ಗೋದಾಮಿನ ಬೀಗದಕೈ ಇವತ್ತು ಸಿಗ್ತಿಲ್ಲ ಸಾರ್' ಅಂದ ಹಾಗೆ.

ಆಡಿಟರ್ ವಿಷಯ ಬೇಗ ಮುಗಿಸುತ್ತೇನೆ. ಆಡಿಟರ್ ಅವಧಿ ಮುಗಿದು ಹೋದರೆ ಸಹಜ. ಮಧ್ಯದಲ್ಲಿ ಎದ್ದು ಹೋದರೆ ನೀವೂ ಎದ್ದು ಹೋಗಿ. ವಡೋದರಾದ ಮನ್‌ಪಸಂದ್ ಬೆವರೇಜಸ್ ಮಾವಿನ ಜ್ಯೂಸ್ ಮಾಡುತ್ತಿತ್ತು. 2018ರ ಮೇ ತಿಂಗಳಲ್ಲಿ ಫಲಿತಾಂಶಕ್ಕೆ ಕೆಲವೇ ದಿನ ಇದ್ದಾಗ ಡೆಲಾಯ್ಟ್ ಆಡಿಟರ್ ಕೆಲಸ ಬಿಟ್ಟಿತು. ಆಮೇಲೆ ಆ ಷೇರು ನೆಲ ಕಚ್ಚಿತು.

ಸಂಬಳದ ಬಗ್ಗೆ ಜನ ತುಂಬಾ ಸಿಟ್ಟಾಗುತ್ತಾರೆ. ನಾನು ಅಷ್ಟು ಆಗಲ್ಲ. ಸಂಬಳ ಎಲ್ಲರ ಕಣ್ಣೆದುರು ತೆಗೆದುಕೊಳ್ಳುವ ದುಡ್ಡು. ಕಾನೂನಿನಲ್ಲಿ ಎಲ್ಲ ನಿರ್ದೇಶಕರಿಗೂ ಸೇರಿ ಲಾಭದ ಶೇ 11 ಅನ್ನೋ ಮಿತಿ ಇದೆ, ಅದು ಮೀರಿದರೆ ಷೇರುದಾರರ ಒಪ್ಪಿಗೆ ಬೇಕು. 2021ರಲ್ಲಿ ರಾಯಲ್ ಎನ್‌ಫೀಲ್ಡ್ ಬುಲೆಟ್ ಮಾಡುವ ಐಷರ್ ಮೋಟಾರ್ಸ್‌ನಲ್ಲಿ ವ್ಯವಸ್ಥಾಪಕ ನಿರ್ದೇಶಕ ಸಿದ್ಧಾರ್ಥ ಲಾಲ್ ಅವರ ಮರುನೇಮಕ ಮತ್ತು ಸಂಬಳದ ಠರಾವು ಬಿದ್ದುಹೋಯಿತು. ಬೇಕಿದ್ದದ್ದು ಶೇ 75 ಮತ, ಬಂದದ್ದು ಶೇ 73ರಷ್ಟು. ಆ ಕಂಪನಿಯನ್ನು ಮೇಲೆತ್ತಿದವರೇ ಅವರು! ಬೋರ್ಡು ಸಂಬಳದ ಮಿತಿಯನ್ನು ಲಾಭದ ಶೇ 1.5ಕ್ಕೆ ಇಳಿಸಿ ಮತ್ತೆ ಬಂತು, ಷೇರುದಾರರು ಒಪ್ಪಿದರು. ನನ್ನ ಲೆಕ್ಕದಲ್ಲಿ ಇದು ಒಳ್ಳೆಯ ಕಂಪನಿಯ ಲಕ್ಷಣ. ಕೇಳಿದರು, ಬೇಡ ಅಂದರು, ಕಡಿಮೆ ಮಾಡಿಕೊಂಡು ಬಂದರು. ಅಂದ ಹಾಗೆ ನಿಮ್ಮ ಹತ್ತಿರ ಹತ್ತು ಷೇರಿದ್ದರೂ ಇ-ವೋಟಿಂಗ್ ಮಾಡಬಹುದು. ಇಲ್ಲಿ ಎಷ್ಟು ಜನ ಮಾಡಿದ್ದೀರಿ? (ಎರಡು ಕೈ ಮೇಲೆದ್ದವು.) ಅಲ್ವಾ! ಅದಕ್ಕೇ ಹೇಳಿದ್ದು.

ಜೇಬು ಒಂದೇ ಅಂತ ಖಾತ್ರಿ ಆದ ಮೇಲೆ ಬುದ್ಧಿವಂತಿಕೆ ನೋಡಬೇಕು. ಪ್ರಾಮಾಣಿಕ ದಡ್ಡನೂ ದುಡ್ಡು ಕಳೆಯುತ್ತಾನೆ. ಇದಕ್ಕೆ ನಾನು ಮಾಡುವುದು ಇಷ್ಟೇ. ಮೂರು ವರ್ಷ ಹಿಂದಿನ ಕಾನ್‌ಕಾಲ್ (ಕಂಪನಿಯವರು ಅನಲಿಸ್ಟ್‌ಗಳ ಪ್ರಶ್ನೆಗೆ ಉತ್ತರಿಸುವ ಫೋನ್ ಸಭೆ) ಬರಹ ತೆಗೆಯುತ್ತೇನೆ. ಇವತ್ತಿನದಲ್ಲ, ಹಳೆಯದು. 'ಹೊಸ ಘಟಕ ಹದಿನೆಂಟು ತಿಂಗಳಲ್ಲಿ ಮುಗಿಯುತ್ತೆ' ಅಂದಿದ್ದರಾ? ಮುಗೀತಾ? ತಡ ಆದರೆ ತಪ್ಪಿಲ್ಲ, ಮಳೆ ಬರುತ್ತೆ, ಯಂತ್ರ ಬರೋದು ತಡ ಆಗುತ್ತೆ. ತಡವಾಗಿದೆ ಅಂತ ತಾವೇ ಮೊದಲು ಹೇಳಿದರಾ, ಅಥವಾ ಯಾರೋ ಅನಲಿಸ್ಟ್ ಮೂರು ಸಲ ಕೇಳಿದ ಮೇಲೆ ಬಾಯಿ ಬಿಟ್ಟರಾ? ಲಾಭ ಬಂದ ವರ್ಷ 'ನಮ್ಮ ದೂರದೃಷ್ಟಿ', ನಷ್ಟ ಆದ ವರ್ಷ 'ಜಾಗತಿಕ ಪರಿಸ್ಥಿತಿ' ಅನ್ನುವವರನ್ನು ನಾನು ನಂಬಲ್ಲ. ಜೊತೆಗೆ ಹತ್ತು ವರ್ಷದ ನಿವ್ವಳ ಲಾಭ ಒಂದು ಕಡೆ ಕೂಡಿ, ವ್ಯಾಪಾರದಿಂದ ನಿಜವಾಗಿ ಕೈಗೆ ಬಂದ ನಗದನ್ನು ಇನ್ನೊಂದು ಕಡೆ ಕೂಡಿ. ಎರಡೂ ಹತ್ತಿರ ಹತ್ತಿರ ಇರಬೇಕು. ಬ್ಯಾಂಕು, ಫೈನಾನ್ಸ್ ಕಂಪನಿಗೆ ಈ ಲೆಕ್ಕ ಹೊಂದಲ್ಲ, ಬೇರೆಯವಕ್ಕೆ ಚೆನ್ನಾಗಿ ಹೊಂದುತ್ತೆ.

ಇಲ್ಲಿಗೆ ಮಾತು ಮುಗಿಸಿದೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಮೂರು ಇಲ್ಲಿ ಬರೆಯುತ್ತೇನೆ.

ಒಬ್ಬರು ಮೇಡಂ ಕೇಳಿದರು, "ಇಷ್ಟೆಲ್ಲ ನೋಡಿಯೂ ಲೆಕ್ಕವೇ ಸುಳ್ಳಾಗಿದ್ದರೆ ಏನು ಮಾಡೋದು ಸಾರ್?" ಏನೂ ಮಾಡೋಕಾಗಲ್ಲ ಮೇಡಂ. ಸತ್ಯಂ ಕಂಪನಿಯ ಸುಳ್ಳು ಬ್ಯಾಂಕ್ ಬಾಕಿಯನ್ನು ಆಡಿಟರೇ ಹಿಡಿಯಲಿಲ್ಲ. ಅದಕ್ಕೇ ಬ್ಯಾಂಕಿನಲ್ಲಿ ಒಬ್ಬ ಸಾಲಗಾರನಿಗೆ ಇಷ್ಟೇ ಅಂತ ಮಿತಿ ಇಟ್ಟಿರುವುದು. ನೀವೂ ಒಂದೇ ಷೇರಿಗೆ ಇಷ್ಟೇ ಅಂತ ಬರೆದಿಟ್ಟುಕೊಳ್ಳಿ. ನನ್ನದು ನೂರಕ್ಕೆ ಎಂಟು.

ಒಬ್ಬ ಹುಡುಗ, "ಷೇರು ಕೊಂಡಾಗಿದೆ, ಈಗ ಪಟ್ಟಿಯಲ್ಲಿ ಏನೋ ಕಾಣ್ತಿದೆ. ಕೊಂಡ ಬೆಲೆಗೆ ಬಂದ ಮೇಲೆ ಮಾರಲಾ?" ಅಂದ. ನೀನು ಎಷ್ಟಕ್ಕೆ ಕೊಂಡೆ ಅಂತ ಆ ಪ್ರೊಮೋಟರ್‌ಗೆ ಗೊತ್ತಿಲ್ಲಪ್ಪ. ನಾಳೆ ಬೆಳಿಗ್ಗೆ ಒಂಬತ್ತೂ ಕಾಲಿಗೆ ಮಾರುಕಟ್ಟೆ ತೆರೆಯುತ್ತೆ.

ಕೊನೆಯ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು, "ಆ ಗಿರಣಿ ಏನಾಯ್ತು?" ಅಂತ ಕೇಳಿದರು. ಬ್ಯಾಂಕು ಹರಾಜು ಹಾಕಿತು. ಪಕ್ಕದ ತಾಲೂಕಿನ ಅಣ್ಣತಮ್ಮಂದಿರು ಕೊಂಡರು. ಕೆಲವು ವರ್ಷದ ಮೇಲೆ ಆ ಕಡೆ ಹೋದಾಗ ಒಳಗೆ ಹೋಗಿ ನೋಡಿದೆ. ಅದೇ ಯಂತ್ರ, ಹಮಾಲಿಗಳಲ್ಲೂ ಅರ್ಧ ಜನ ಹಳಬರೇ. ಗೋದಾಮಿನಲ್ಲಿ ಮಾತ್ರ ಚೀಲದ ಸಾಲು ಸಾಲಿನ ನಡುವೆ ಒಬ್ಬ ಮನುಷ್ಯ ನಡೆದು ಹೋಗುವಷ್ಟು ಜಾಗ ಬಿಟ್ಟಿದ್ದರು.